ಬ್ರಿಡ್ಜ್ ಪಿಕಪ್ ಸದ್ದು ನಿಲ್ಲಿಸಿದೆ: ಹೊಸದು ಕೂಡಿಸುವ ಮೊದಲು ಸಲಹೆ ಬೇಕು

ವಿದ್ಯಾನಗರ ತಂತಿ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಇರುವುದು ಸ್ಟ್ರ್ಯಾಟೊಕ್ಯಾಸ್ಟರ್ ಮಾದರಿಯ ಎಲೆಕ್ಟ್ರಿಕ್ ಗಿಟಾರ್: ಮೂರು ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್, ಅಂದರೆ ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗಗಳು, ಐದು ಸ್ಥಾನಗಳ ಸ್ವಿಚ್, ಒಂದು ವಾಲ್ಯೂಮ್, ಎರಡು ಟೋನ್. ಒಂಬತ್ತು ವರ್ಷಗಳ ಹಿಂದೆ ಮೊದಲ ಸಂಬಳದ ಹಣದಲ್ಲಿ, ಇನ್ನೊಬ್ಬ ವಾದಕರು ನುಡಿಸಿ ಬಿಟ್ಟಿದ್ದನ್ನು ಕೊಂಡುಕೊಂಡಿದ್ದೆ. ಅಂದಿನಿಂದ ನಮ್ಮ ಆರ್ಕೆಸ್ಟ್ರಾದಲ್ಲಿ ಭಾವಗೀತೆಗೂ ಚಿತ್ರಗೀತೆಗೂ ಇದೊಂದನ್ನೇ ನುಡಿಸುತ್ತ ಬಂದಿದ್ದೇನೆ. ಈ ಸಲ ಮಳೆಗಾಲ ಹಿಡಿದ ಮೇಲೆ ಬ್ರಿಡ್ಜ್ ಪಿಕಪ್ಪಿನ, ಅಂದರೆ ತಂತಿಗಳು ಕೂರುವ ಕುದುರೆಯ ಪಕ್ಕದ ಪಿಕಪ್ಪಿನ, ಧ್ವನಿ ಮೊದಲು ತೆಳ್ಳಗಾಯಿತು. ದಪ್ಪ ತಂತಿಗಳನ್ನು ಮೀಟಿದರೂ ತಗಡಿನ ಡಬ್ಬಿಯೊಳಗಿಂದ ಬಂದಂತೆ ಕೇಳಿಸುತ್ತಿತ್ತು. ಎರಡು ವಾರಗಳಿಂದ ಅದೂ ಇಲ್ಲ. ಸ್ವಿಚ್ಚನ್ನು ಬ್ರಿಡ್ಜ್ ಕಡೆಗೆ ತಳ್ಳಿದರೆ ಆಂಪ್ಲಿಫೈಯರಿನಲ್ಲಿ ಗುಂಯ್ ಎನ್ನುವ ಸದ್ದು ಮಾತ್ರ ಉಳಿಯುತ್ತದೆ. ಎರಡನೆಯ ಸ್ಥಾನದಲ್ಲಿ, ಅಂದರೆ ಬ್ರಿಡ್ಜ್ ಮತ್ತು ನಡುವಿನ ಪಿಕಪ್ ಎರಡೂ ಕೂಡಿ ನುಡಿಯಬೇಕಾದಲ್ಲಿ, ನಡುವಿನದೊಂದೇ ನುಡಿಯುತ್ತಿರುವಂತೆ ನನ್ನ ಕಿವಿಗೆ ತೋರುತ್ತದೆ.

ಅಂಗಡಿಯೊಂದರಲ್ಲಿ ತೋರಿಸಿದಾಗ, ಪಿಕಪ್ ಸತ್ತಿದೆ, ಮೂರನ್ನೂ ಪಿಕ್‌ಗಾರ್ಡ್ (ಪಿಕಪ್ ಕೂರಿಸಿರುವ ಮೇಲಿನ ತಟ್ಟೆ) ಸಮೇತ ಬದಲಿಸಿಬಿಡುವುದೇ ಒಳ್ಳೆಯದು ಎಂದರು. ಬಿಚ್ಚಿ ನೋಡದೆ ಹೇಳಿದ ಮಾತಾದ್ದರಿಂದ ಒಪ್ಪಿಕೊಳ್ಳಲು ಮನಸ್ಸಾಗಲಿಲ್ಲ. ಉಳಿದೆರಡು ಪಿಕಪ್‌ಗಳ ನಾದಕ್ಕೆ ನನ್ನ ಕೈ ಒಂಬತ್ತು ವರ್ಷಗಳಿಂದ ಹೊಂದಿಕೊಂಡಿದೆ, ಅವನ್ನು ಕಳೆದುಕೊಳ್ಳುವ ಇಚ್ಛೆ ಇಲ್ಲ. ಡಿಪ್ಲೊಮಾ ಓದುವಾಗ ಕಲಿತ ಬೆಸುಗೆ ಇನ್ನೂ ಮರೆತಿಲ್ಲ, ಮನೆಯಲ್ಲಿ ಡಿಜಿಟಲ್ ಮಲ್ಟಿಮೀಟರ್ ಇದೆ. ಗಣಪತಿ ಹಬ್ಬದ ಕಾರ್ಯಕ್ರಮಗಳಿಗೆ ಇನ್ನು ಐದು ವಾರ. ಕೆಟ್ಟಿರುವುದು ಪಿಕಪ್ಪೇ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ, ಕೆಟ್ಟಿದ್ದರೆ ಅದೊಂದನ್ನೇ ಬದಲಿಸಬಹುದೇ, ಕೊಳ್ಳುವಾಗ ಯಾವ ಯಾವ ಅಳತೆ ಹೊಂದಬೇಕು, ತಿಳಿದವರು ದಯವಿಟ್ಟು ಹೇಳಬೇಕು.


ಮಾಸ್ತರ, ಧಾರವಾಡ

ಬಿಚ್ಚದೆ ಹೇಳಿದ ತೀರ್ಪನ್ನು ಒಪ್ಪದೇ ಇದ್ದದ್ದು ಒಳ್ಳೆಯದಾಯಿತು. ಪಿಕಪ್ ಎಂದರೆ ಅಯಸ್ಕಾಂತ ಮತ್ತು ಅದರ ಸುತ್ತ ಸುತ್ತಿದ ಇನಾಮಲ್ ಲೇಪನದ ತಾಮ್ರದ ತಂತಿ. ಗಿಟಾರಿನ ಉಕ್ಕಿನ ತಂತಿ ಅಯಸ್ಕಾಂತದ ಮೇಲೆ ಕಂಪಿಸಿದಾಗ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ತೋರಿಸಿಕೊಟ್ಟ ತತ್ವವೇ ಇದು. ಅದರೊಳಗೆ ತಿರುಗುವ, ಉಜ್ಜುವ, ಸವೆಯುವ ಭಾಗ ಒಂದೂ ಇಲ್ಲದ ಕಾರಣ, ಸದ್ದು ನಿಂತಾಗ ಮೊದಲು ಅನುಮಾನಿಸಬೇಕಾದದ್ದು ಬೆಸುಗೆಯ ಗಂಟುಗಳನ್ನು, ಸ್ವಿಚ್ಚಿನೊಳಗಿನ ತಗಡಿನ ನಾಲಿಗೆಗಳನ್ನು, ಕಡಿದಿರಬಹುದಾದ ವೈರುಗಳನ್ನು.

ಆದರೂ ನೀವು ಬರೆದ ಒಂದು ಲಕ್ಷಣ ನನ್ನ ಗಮನ ಸೆಳೆಯಿತು. ಬೆಸುಗೆ ಬಿಟ್ಟಿದ್ದರೆ ಅಥವಾ ಸ್ವಿಚ್ ಕೊಳೆಯಾಗಿದ್ದರೆ ಸದ್ದು ಚರಚರ ಎನ್ನುತ್ತ ಬಂದು ಹೋಗಿ ಮಾಡುತ್ತದೆ, ಸ್ವಿಚ್ಚನ್ನು ನಾಲ್ಕು ಸಲ ಅಲ್ಲಾಡಿಸಿದರೆ ಒಮ್ಮೆಯಾದರೂ ಪೂರ್ತಿ ಮರಳುತ್ತದೆ. ನಿಮ್ಮಲ್ಲಿ ಹಾಗಾಗದೆ, ದಪ್ಪ ಸ್ವರಗಳು ಕಳೆದುಹೋಗಿ ತೆಳು ಸದ್ದು ಉಳಿದಿತ್ತು. ಸುರುಳಿಯ ತಂತಿ ಒಳಗೆಲ್ಲೋ ಕಡಿದಾಗ ಹೀಗಾಗುವುದುಂಟು: ಕಡಿದ ಜಾಗದ ಆಚೆ ಈಚೆಯ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಕೆಪ್ಯಾಸಿಟರ್‌ನಂತೆ ವರ್ತಿಸಿ, ಮೇಲಿನ ಕಂಪನಾಂಕಗಳನ್ನಷ್ಟೇ ದಾಟಿಸಿ ಕೆಳಗಿನವನ್ನು ತಡೆಯುತ್ತವೆ. ಇದು ಅನುಮಾನ ಮಾತ್ರ. ಸಾಕ್ಷಿ ಮೀಟರೇ ಹೇಳಬೇಕು.

ಗಿಟಾರನ್ನು ಬಿಚ್ಚುವ ಮೊದಲೇ ಅರ್ಧ ಉತ್ತರ ಸಿಗುತ್ತದೆ. ಕೇಬಲ್ಲಿನ ಒಂದು ತುದಿಯನ್ನು ಗಿಟಾರಿಗೆ ಚುಚ್ಚಿ, ಇನ್ನೊಂದು ತುದಿಯನ್ನು ಆಂಪ್ಲಿಫೈಯರಿಗೆ ಕೊಡದೆ ಕೈಯಲ್ಲಿ ಹಿಡಿದು, ಮೀಟರನ್ನು 20 ಕಿಲೋ ಓಮ್ ಸ್ಥಾನಕ್ಕೆ ತಿರುಗಿಸಿ, ಒಂದು ಮೊನೆಯನ್ನು ಪ್ಲಗ್ಗಿನ ತುದಿಗೂ ಇನ್ನೊಂದನ್ನು ಅದರ ಉದ್ದನೆಯ ಕೊಳವೆಗೂ ತಾಗಿಸಿ. ವಾಲ್ಯೂಮ್ ಪೂರ್ತಿ ಮೇಲಿರಲಿ. ಒಳ್ಳೆಯ ಸಿಂಗಲ್ ಕಾಯಿಲ್ ಇದ್ದರೆ 5.5ರಿಂದ 6.5ರ ಆಸುಪಾಸಿನಲ್ಲಿ ಒಂದು ಸಂಖ್ಯೆ ಬರುತ್ತದೆ. ಪಿಕಪ್ಪಿಗೆ ಸಮಾನಾಂತರವಾಗಿ, ವಾಲ್ಯೂಮ್ ಗುಂಡಿಯ ಕೆಳಗಿನ ಬದಲಾಗುವ ರೋಧಕವಾದ ಪಾಟ್‌ನ 250 ಕಿಲೋ ಓಮ್ ಕೂಡ ಕುಳಿತಿರುವುದರಿಂದ, ಇಲ್ಲಿ ಓದುವ ಸಂಖ್ಯೆ ಪಿಕಪ್ಪಿನ ನಿಜವಾದ ರೋಧಕ್ಕಿಂತ ತುಸು ಕಡಿಮೆಯೇ ಇರುತ್ತದೆ; 6 ಇದ್ದದ್ದು 5.86 ಎಂದು ಕಾಣಿಸುತ್ತದೆ, ಅದಕ್ಕೆ ಗಾಬರಿಯಾಗಬಾರದು. ಬ್ರಿಡ್ಜ್ ಸ್ಥಾನದಲ್ಲಿ ಅಳತೆ ಮೀರಿತೆಂದು ಎಡಕ್ಕೆ ಬರೀ 1 ತೋರಿಸಿದರೆ, ಮೀಟರನ್ನು ದೊಡ್ಡ ಸ್ಥಾನಕ್ಕೆ ಏರಿಸಿ ನೋಡಿ. ಆಗ 250ರ ಹತ್ತಿರ ಬಂದರೆ ನೀವು ಓದುತ್ತಿರುವುದು ಪಾಟನ್ನು ಮಾತ್ರ, ಪಿಕಪ್ಪಿನ ದಾರಿ ಕಡಿದಿದೆ ಎಂದು ತಿಳಿಯಬೇಕು. ಸೊನ್ನೆಯ ಹತ್ತಿರ ಬಂದರೆ ಬಿಸಿ ವೈರು (ಪಿಕಪ್ಪಿನ ಸದ್ದನ್ನು ಸಾಗಿಸುವ ವೈರು) ಎಲ್ಲೋ ಗ್ರೌಂಡಿಗೆ ತಾಗಿದೆ. ಎರಡನೆಯ ಸ್ಥಾನದ ಸಂಖ್ಯೆಯನ್ನೂ ಬರೆದುಕೊಳ್ಳಿ. ಎರಡೂ ಪಿಕಪ್ ಜೀವಂತವಿದ್ದರೆ ಅದು 3ರ ಹತ್ತಿರಕ್ಕೆ ಇಳಿಯಬೇಕು.

ಆಮೇಲೆ ಪಿಕ್‌ಗಾರ್ಡ್ ಎತ್ತಿ, ಬ್ರಿಡ್ಜ್ ಪಿಕಪ್ಪಿನ ಎರಡು ವೈರುಗಳು ಅದರ ತಳದ ಕಣ್ಣುಗಳಿಗೆ (ಲೋಹದ ಸಣ್ಣ ತೂತುಗಳಿಗೆ) ಬೆಸೆದಿರುವಲ್ಲಿಯೇ ಮೀಟರ್ ಹಚ್ಚಿರಿ. ಅಲ್ಲಿ 6 ಬಂದು ಕೇಬಲ್ಲಿನ ತುದಿಯಲ್ಲಿ ಬಾರದಿದ್ದರೆ ಪಿಕಪ್ ನಿರಪರಾಧಿ. ಅಲ್ಲಿಯೂ ಬಾರದಿದ್ದರೆ ಬಿಸಿ ವೈರನ್ನು ಸ್ವಿಚ್ಚಿನಿಂದ ಬಿಡಿಸಿ ಪಿಕಪ್ಪನ್ನು ಒಂಟಿಯಾಗಿ ಮತ್ತೊಮ್ಮೆ ಅಳೆದು, ಆಮೇಲೆ ಮಾತ್ರ ಹಣ ಖರ್ಚು ಮಾಡುವ ವಿಚಾರ.


ಗದಗ ಬೇಸ್

ಅಣ್ಣಾ, ನಿಮ್ಮದು ಪಿಕಪ್ಪೇ ಕೆಟ್ಟಿದೆ ಎಂದಾದರೆ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಎರಡು ವರ್ಷಗಳ ಹಿಂದೆ ನನ್ನ ಬೇಸ್ ಗಿಟಾರಿನ ಪಿಕಪ್ ಹೀಗೆಯೇ ನಿಂತಾಗ, ತಂತಿ ಸುತ್ತುವ ಕೆಲಸವೇ ತಾನೇ ಎಂದುಕೊಂಡು ಪಂಪ್‌ಸೆಟ್ ಮೋಟರ್ ಕಟ್ಟುವ ಅಂಗಡಿಗೆ ಒಯ್ದುಕೊಟ್ಟೆ. ಅವರು ಕೈಯಲ್ಲಿ ಕಸುಬುಳ್ಳ ಒಳ್ಳೆಯ ಜನ. ಆದರೆ ಅವರ ಬಳಿ ಇದ್ದ ಅತ್ಯಂತ ಸಣ್ಣ ತಂತಿಯೂ ಈ ಕೆಲಸಕ್ಕೆ ದಪ್ಪವಾಗಿತ್ತು. ಪಿಕಪ್ಪಿಗೆ ಸಾಮಾನ್ಯವಾಗಿ ಬಳಸುವುದು 42 ಗೇಜ್, ಅಂದರೆ ಸುಮಾರು 0.063 ಮಿಲಿಮೀಟರ್, ತಲೆಗೂದಲಿನಷ್ಟು ಸಣ್ಣದು. ಹಳೆಯ ಸುರುಳಿಯನ್ನು ಕತ್ತರಿಸಿ ತೆಗೆದ ಮೇಲೆ ಈ ಸಂಗತಿ ತಿಳಿದುದರಿಂದ, ರಿಪೇರಿಯಾಗಬಹುದಾಗಿದ್ದ ಪಿಕಪ್ಪೂ ಕೈಬಿಟ್ಟಿತು.

ಇದನ್ನು ಓದುವವರಲ್ಲಿ ಹಂಬಕರ್ ಇರುವವರಿಗೆ ಒಂದು ಮಾತು. ಅದರಲ್ಲಿ ಎರಡು ಸುರುಳಿಗಳು ಸರಣಿಯಲ್ಲಿ ಜೋಡಿಸಿರುತ್ತವೆ, ಒಂದು ಕಡಿದರೂ ಸದ್ದು ನಿಲ್ಲುತ್ತದೆ. ನಾಲ್ಕು ವೈರುಗಳ ಹಂಬಕರ್ ಆಗಿದ್ದರೆ ಎರಡನ್ನೂ ಬೇರೆ ಬೇರೆ ಅಳೆದು, ಬದುಕಿರುವ ಸುರುಳಿಯೊಂದನ್ನೇ ಜೋಡಿಸಿಕೊಂಡು, ಹೊಸದು ಬರುವವರೆಗೆ ಕಾರ್ಯಕ್ರಮ ನಡೆಸಬಹುದು. ಗುಂಯ್ ಸದ್ದು ಹೆಚ್ಚುತ್ತದೆ, ನಾದ ಸಣ್ಣದಾಗುತ್ತದೆ, ಆದರೆ ವೇದಿಕೆಯ ಮೇಲೆ ಸುಮ್ಮನೆ ನಿಲ್ಲುವ ಪ್ರಸಂಗ ಬರುವುದಿಲ್ಲ.


ವಿದ್ಯಾನಗರ ತಂತಿ, ಹುಬ್ಬಳ್ಳಿ

ಮಾಸ್ತರರೇ, ನೀವು ಹೇಳಿದಂತೆಯೇ ಅಳೆದೆ. ಕೇಬಲ್ಲಿನ ತುದಿಯಲ್ಲಿ ನೆಕ್ ಪಿಕಪ್ (ಗಿಟಾರಿನ ಕುತ್ತಿಗೆಯ ಕಡೆಯದು) 5.71, ನಡುವಿನದು 5.78. ಬ್ರಿಡ್ಜ್ ಸ್ಥಾನದಲ್ಲಿ 1 ಮಾತ್ರ ಬಂತು. ಮೀಟರನ್ನು ಏರಿಸಿದಾಗ 243 ಕಿಲೋ ಓಮ್. ಎರಡನೆಯ ಸ್ಥಾನದಲ್ಲಿ 3ಕ್ಕೆ ಇಳಿಯದೆ ಅದೇ 5.78 ನಿಂತಿತು. ನಿನ್ನೆ ರಾತ್ರಿ ಪಿಕ್‌ಗಾರ್ಡ್ ಎತ್ತಿ, ಬಿಸಿ ವೈರನ್ನು ಸ್ವಿಚ್ಚಿನಿಂದ ಬಿಡಿಸಿ, ತಳದ ಎರಡು ಕಣ್ಣುಗಳ ನಡುವೆ ಅಳೆದಾಗಲೂ ದಾರಿ ಇಲ್ಲ. ಪ್ಲಾಸ್ಟಿಕ್ ಮುಚ್ಚಳ ಸರಿಸಿ ದೀಪದ ಕೆಳಗೆ ಹಿಡಿದು ನೋಡಿದೆ. ಸುರುಳಿಯ ಮೈ ಎಲ್ಲ ಕಡೆ ಕಂದು ಬಣ್ಣಕ್ಕೆ ಹೊಳೆಯುತ್ತಿದೆ, ಆದರೆ ಸಣ್ಣ ತಂತಿಯೊಂದು ಒಂದು ಕಣ್ಣಿನಿಂದ ಹೊರಟು ಅಯಸ್ಕಾಂತದ ಕಡ್ಡಿಯ ಪಕ್ಕದಲ್ಲಿ ಒಳಗೆ ಇಳಿಯುವ ಮೂಲೆಯಲ್ಲಿ, ಸಾಸಿವೆ ಕಾಳಿಗಿಂತ ಚಿಕ್ಕದಾದ ಹಸಿರು ಕಿಲುಬು ಕೂತಿದೆ. ಅದೇ ಕಾರಣವಾಗಿರಬಹುದೇ? ಅದನ್ನು ಕೆರೆದು ಬೆಸೆದರೆ ಜೀವ ಬರುವುದೇ?


ಬೆಸುಗೆ, ಹಾವೇರಿ

ನಾನು ಇಪ್ಪತ್ತು ವರ್ಷಗಳಿಂದ ಕೀಬೋರ್ಡ್, ಆಂಪ್ಲಿಫೈಯರ್, ಗಿಟಾರುಗಳ ರಿಪೇರಿ ಮಾಡುತ್ತಿದ್ದೇನೆ. ನಿಮ್ಮ ಕಿಲುಬಿನ ವಿವರಣೆ ಓದಿದೊಡನೆ ನಾನು ನೋಡಿದ ಹಲವು ಪಿಕಪ್‌ಗಳು ಕಣ್ಣ ಮುಂದೆ ಬಂದವು. ನಿಮ್ಮದು ಅಯಸ್ಕಾಂತದ ಕಡ್ಡಿಗಳ ಮೇಲೆಯೇ ನೇರವಾಗಿ ತಂತಿ ಸುತ್ತಿದ ಬಗೆಯದು ಎಂದು ತೋರುತ್ತದೆ. ಆರು ಕಡ್ಡಿಗಳು, ಮೇಲೆ ಕೆಳಗೆ ಎರಡು ನಾರಿನ ಹಲಗೆ, ನಡುವೆ ಸುರುಳಿ. ಪ್ಲಾಸ್ಟಿಕ್ ಬಾಬಿನ್ ಇರುವುದಿಲ್ಲ. ಬಲಗೈಯ ಬೆವರಿನ ಉಪ್ಪು ಮಳೆಗಾಲದ ತೇವದೊಂದಿಗೆ ಕಡ್ಡಿಯ ಅಂಚಿನಿಂದ ಒಳಗಿಳಿದು, ಒಳಸುತ್ತಿನ ತಾಮ್ರವನ್ನು ನಿಧಾನವಾಗಿ ತಿಂದುಹಾಕುತ್ತದೆ. ಬ್ರಿಡ್ಜ್ ಪಿಕಪ್ ಅಂಗೈಯ ಕೆಳಗೇ ಇರುವುದರಿಂದ ಅದಕ್ಕೆ ಈ ಬಾಧೆ ಹೆಚ್ಚು.

ಸುರುಳಿಗೆ ಎರಡು ತುದಿಗಳಿವೆ. ಹೊರತುದಿ ಮೇಲ್ಮೈಯಲ್ಲಿಯೇ ಇರುವುದರಿಂದ, ಅದು ಕಡಿದಿದ್ದರೆ ಒಂದೆರಡು ಸುತ್ತು ಬಿಚ್ಚಿ, ಲೇಪನವನ್ನು ಮೃದುವಾಗಿ ಕೆರೆದು, ಮರಳಿ ಕಣ್ಣಿಗೆ ಬೆಸೆದರೆ ಪಿಕಪ್ ಬದುಕುತ್ತದೆ; 7,000ಕ್ಕೂ ಹೆಚ್ಚು ಸುತ್ತುಗಳಲ್ಲಿ ಎರಡು ಕಡಿಮೆಯಾದರೆ ಯಾವ ಕಿವಿಗೂ ತಿಳಿಯುವುದಿಲ್ಲ. ಆದರೆ ನೀವು ಹೇಳಿದ ಮೂಲೆ ಒಳತುದಿಯದು. ಅದು ಎಲ್ಲ ಸುತ್ತುಗಳ ಅಡಿಯಲ್ಲಿದೆ. ಒಂದು ಕಿಲೋಮೀಟರಿಗೂ ಉದ್ದನೆಯ ತಂತಿಯನ್ನು ಬಿಚ್ಚದೆ ಅದನ್ನು ಮುಟ್ಟಲು ಬಾರದು. ಮರುಸುತ್ತು ಮಾಡುವ ಯಂತ್ರ, ಸರಿಯಾದ ತಂತಿ ಎರಡೂ ಇರುವವರ ಕೈಗೆ ಮಾತ್ರ ಅದನ್ನು ಕೊಡಬೇಕು. ಹಬ್ಬಕ್ಕೆ ಐದು ವಾರ ಇರುವಾಗ ಹೊಸ ಪಿಕಪ್ ಒಂದನ್ನು ತರಿಸುವುದೇ ಸರಿ. ಮೂರನ್ನೂ ಬದಲಿಸುವ ಅಗತ್ಯ ಖಂಡಿತ ಇಲ್ಲ. ಮತ್ತೊಂದು ಎಚ್ಚರಿಕೆ: ಎತ್ತರ ಹೊಂದಿಸಲೆಂದು ಆ ಅಯಸ್ಕಾಂತದ ಕಡ್ಡಿಗಳನ್ನು ಬೆರಳಿನಿಂದ ಒತ್ತಬೇಡಿ, ಒಳಸುತ್ತು ಕಡಿಯುತ್ತದೆ. ಹೀಗೆ ಒತ್ತಿಯೇ ಸತ್ತ ಪಿಕಪ್‌ಗಳು ನನ್ನ ಪೆಟ್ಟಿಗೆಯಲ್ಲಿ ಮೂರಿವೆ.

ಕೊಳ್ಳುವಾಗ ಹೆಸರಿಗಿಂತ ಅಳತೆಗೆ ಬೆಲೆ ಕೊಡಿ. ಮೊದಲನೆಯ ಕಡ್ಡಿಯ ನಡುವಿನಿಂದ ಆರನೆಯದರ ನಡುವಿನವರೆಗೆ ಸ್ಕೇಲ್ ಇಟ್ಟು ಅಳೆಯಿರಿ. ಬ್ರಿಡ್ಜ್ ಹತ್ತಿರ ತಂತಿಗಳು ಅಗಲವಾಗಿ ಹರಡಿರುವುದರಿಂದ ಅಲ್ಲಿಗೆಂದು ಮಾಡಿದ ಪಿಕಪ್‌ಗಳಲ್ಲಿ ಈ ಅಂತರ 52 ಮಿಲಿಮೀಟರ್ ಇರುವುದು ರೂಢಿ, ನೆಕ್ ಕಡೆಯವು ಅದಕ್ಕಿಂತ ಎರಡು ಮೂರು ಮಿಲಿಮೀಟರ್ ಕಿರಿದು. ಅಂತರ ತಪ್ಪಿದರೆ ಹೊರಗಿನ ಎರಡು ತಂತಿಗಳು ಕಡ್ಡಿಯ ಮೇಲೆ ಕೂರದೆ ಅವುಗಳ ಸದ್ದು ಸೊರಗುತ್ತದೆ. ಉಳಿದೆರಡು 6ರ ಹತ್ತಿರ ಇರುವುದರಿಂದ ಬ್ರಿಡ್ಜಿಗೆ 6.2ರಿಂದ 6.8 ಕಿಲೋ ಓಮ್ ಇರುವುದನ್ನು ಆರಿಸಿ. ಬ್ರಿಡ್ಜ್ ಹತ್ತಿರ ತಂತಿಯ ತೂಗಾಟ ಕಡಿಮೆ, ಆದ್ದರಿಂದ ಅಲ್ಲಿಗೆ ಸ್ವಲ್ಪ ಹೆಚ್ಚು ಸುತ್ತು ಬೇಕು. ಉಳಿದವುಗಳ ಅಯಸ್ಕಾಂತ ಆಲ್ನಿಕೊ ಮಿಶ್ರಲೋಹದ್ದಾಗಿದ್ದರೆ ಇದರದೂ ಆಲ್ನಿಕೊ ಆಗಿರಲಿ. 10 ಕಿಲೋ ಓಮ್ ದಾಟಿದ, ಸೆರಾಮಿಕ್ ಅಯಸ್ಕಾಂತದ ಪಿಕಪ್ ತಂದು ಹಾಕಿದರೆ, ಸ್ವಿಚ್ ತಿರುಗಿಸಿದಾಗಲೆಲ್ಲ ಒಂದು ಕೂಗಿ ಇನ್ನೊಂದು ಪಿಸುಗುಟ್ಟಿದಂತೆ ಆಗಿ, ಹಾಡಿನ ನಡುವೆ ವಾಲ್ಯೂಮ್ ಹುಡುಕುವ ಪಾಡು ನಿಮ್ಮದಾಗುತ್ತದೆ. ಪಾಟ್‌ಗಳು 250 ಕಿಲೋ ಓಮ್ ಇವೆ, ಸಿಂಗಲ್ ಕಾಯಿಲ್‌ಗೆ ಅವೇ ಸರಿ, ಮುಟ್ಟಬೇಡಿ.

ಕೂಡಿಸುವ ಕೆಲಸದಲ್ಲಿ ಹೆಚ್ಚು ಹೇಳುವಂಥದ್ದಿಲ್ಲ. ಬಿಚ್ಚುವ ಮೊದಲು ವೈರಿಂಗಿನ ಫೋಟೋ ತೆಗೆದುಕೊಳ್ಳಿ, ಗಿಟಾರಿನ ಮೈಗೆ ಬೆಸುಗೆ ಸಿಡಿಯದಂತೆ ಬಟ್ಟೆ ಹಾಸಿ, ಕಣ್ಣಿಗೆ ಕನ್ನಡಕ ಇರಲಿ. ಹಳೆಯ ಪಿಕಪ್ಪಿನ ಬಿಸಿ ವೈರು ಸ್ವಿಚ್ಚಿನ ಯಾವ ಕಾಲಿಗೆ ಇತ್ತೋ ಹೊಸದೂ ಅಲ್ಲಿಗೇ, ಗ್ರೌಂಡ್ ವೈರು ವಾಲ್ಯೂಮ್ ಪಾಟ್‌ನ ಬೆನ್ನಿಗೆ. ಸ್ವಿಚ್ಚಿನ ಕಾಲಿಗೆ 25 ವ್ಯಾಟಿನ ಐರನ್ ಸಾಕು. ಪಾಟ್‌ನ ಬೆನ್ನು ಶಾಖವನ್ನು ಕುಡಿದುಬಿಡುತ್ತದೆ; ಅಲ್ಲಿ ಸಣ್ಣ ಐರನ್ ಹಿಡಿದು ನಿಮಿಷಗಟ್ಟಲೆ ಕಾಯಿಸಿದರೆ ಒಳಗಿನ ಕಾರ್ಬನ್ ಪಟ್ಟಿ ಹಾಳಾಗುತ್ತದೆ, ಆದ್ದರಿಂದ ಆ ಗಂಟಿಗೆ 40ರಿಂದ 60 ವ್ಯಾಟಿನದನ್ನು ಚೆನ್ನಾಗಿ ಕಾಯಿಸಿ ಮೂರು ನಾಲ್ಕು ಸೆಕೆಂಡಿನಲ್ಲಿ ಕೆಲಸ ಮುಗಿಸಿ. ಬೆಸುಗೆ ನೀರಿನಂತೆ ಹರಡಿ ಹೊಳೆಯಬೇಕು. ಗೋಲಿಯಂತೆ ಮೇಲೆ ಕೂತರೆ ಅದು ಹಿಡಿದಿಲ್ಲ. ಹೊಸ ಪಿಕಪ್ಪಿನ ವೈರನ್ನು ಚೆಂದ ಕಾಣಲೆಂದು ಮೊಟಕು ಮಾಡಬೇಡಿ, ಮುಂದೊಮ್ಮೆ ಬೇಕಾಗುತ್ತದೆ. ತಂತಿ ಏರಿಸುವ ಮೊದಲೇ ಆಂಪ್ಲಿಫೈಯರಿಗೆ ಜೋಡಿಸಿ, ಸಣ್ಣ ವಾಲ್ಯೂಮಿನಲ್ಲಿ ಸ್ಕ್ರೂಡ್ರೈವರಿನ ಮೊನೆಯಿಂದ ಪ್ರತಿ ಪಿಕಪ್ಪಿನ ಕಡ್ಡಿಯನ್ನು ಮೆಲ್ಲಗೆ ತಟ್ಟಿ. ಟಕ್ ಎಂದರೆ ಜೀವ ಇದೆ ಎಂದರ್ಥ.


ಮಾಸ್ತರ, ಧಾರವಾಡ

ಹಾವೇರಿಯವರು ಹೇಳಿದ್ದಕ್ಕೆ ಒಂದೇ ಸಂಗತಿ ಸೇರಿಸುತ್ತೇನೆ, ಒಂದೇ ಪಿಕಪ್ ಬದಲಿಸುವವರು ಎಡವುವುದು ಇಲ್ಲಿಯೇ. ಬೇರೆ ಬೇರೆ ತಯಾರಕರು ಸುರುಳಿಯನ್ನು ಸುತ್ತುವ ದಿಕ್ಕೂ ಅಯಸ್ಕಾಂತವನ್ನು ಕೂಡಿಸುವ ದಿಕ್ಕೂ ಒಂದೇ ಆಗಿರಬೇಕೆಂದಿಲ್ಲ. ಹೊಸದು ಒಂಟಿಯಾಗಿ ಚೆನ್ನಾಗಿಯೇ ನುಡಿದು, ನಡುವಿನದರೊಂದಿಗೆ ಕೂಡಿಸಿದಾಗ ಮಾತ್ರ ಮೂಗಿನಿಂದ ಹಾಡಿದಂತೆ ಸೊರಗಿದರೆ, ಎರಡರ ವಿದ್ಯುತ್ತು ವಿರುದ್ಧ ದಿಕ್ಕಿನಲ್ಲಿ ಹುಟ್ಟಿ ಒಂದನ್ನೊಂದು ಅಳಿಸುತ್ತಿದೆ ಎಂದರ್ಥ. ಹೊಸ ಪಿಕಪ್ಪಿನ ಎರಡು ವೈರುಗಳನ್ನು ಅದಲುಬದಲು ಮಾಡಿದರೆ ಇದು ಸರಿಹೋಗುತ್ತದೆ. ಲೋಹದ ಮುಚ್ಚಳ ಅಥವಾ ತಳಪಟ್ಟಿ ಗ್ರೌಂಡ್ ವೈರಿಗೆ ಜೋಡಿಸಿರುವ ಪಿಕಪ್ಪಿನಲ್ಲಿ ಮಾತ್ರ ಆ ಜೋಡಣೆಯನ್ನು ಮೊದಲು ಬೇರ್ಪಡಿಸಬೇಕು.

ಗುಂಯ್ ಸದ್ದಿನ ಲೆಕ್ಕ ಇದರ ಜೊತೆಗೇ ಇದೆ. ಎರಡನೆಯ ಸ್ಥಾನದಲ್ಲಿ 50 ಹರ್ಟ್ಸ್ ವಿದ್ಯುತ್ತಿನ ಗುಂಯ್ ಅಡಗಬೇಕಾದರೆ, ನಡುವಿನ ಪಿಕಪ್ಪಿನ ಅಯಸ್ಕಾಂತವೂ ಸುತ್ತೂ ಉಳಿದವಕ್ಕೆ ತಿರುಗುಮುರುಗಾಗಿರಬೇಕು. ಅದು ತಿಳಿಯಲು ಯಾವ ಉಪಕರಣವೂ ಬೇಡ: ಹೊಸ ಪಿಕಪ್ಪಿನ ಮುಖವನ್ನು ನಡುವಿನದರ ಮುಖಕ್ಕೆ ಎದುರಾಗಿ ಹಿಡಿಯಿರಿ. ಸೆಳೆದುಕೊಂಡರೆ ಧ್ರುವಗಳು ಬೇರೆ, ವೈರು ಸರಿಯಾಗಿ ಜೋಡಿಸಿದಾಗ ಗುಂಯ್ ಅಡಗುತ್ತದೆ. ತಳ್ಳಿದರೆ ಧ್ರುವ ಒಂದೇ. ನಾದ ಸರಿಯಾಗುವಂತೆ ಜೋಡಿಸಿದರೂ ಗುಂಯ್ ಉಳಿಯುತ್ತದೆ. ಸಾಧ್ಯವಾದರೆ ಅಂಗಡಿಯಲ್ಲಿಯೇ ಇದನ್ನು ನೋಡಿಕೊಂಡು ತನ್ನಿ.


ವಿದ್ಯಾನಗರ ತಂತಿ, ಹುಬ್ಬಳ್ಳಿ

ಎಲ್ಲರಿಗೂ ಮನಸಾರೆ ಕೃತಜ್ಞತೆಗಳು. ಪಿಕಪ್ ಬಂದು ಕೂಡಿಸಿ ಮೂರು ದಿನವಾಯಿತು. ಕಡ್ಡಿಗಳ ಅಂತರ 52 ಮಿಲಿಮೀಟರ್, ಒಂಟಿಯಾಗಿ ಅಳೆದಾಗ 6.4 ಕಿಲೋ ಓಮ್. ಮುಖಕ್ಕೆ ಮುಖ ಹಿಡಿದಾಗ ನಡುವಿನ ಪಿಕಪ್ ಅದನ್ನು ಬಲವಾಗಿ ಸೆಳೆಯಿತು. ಬೆಸೆದು ಮುಗಿಸಿ ಕೇಬಲ್ಲಿನ ತುದಿಯಲ್ಲಿ ಅಳೆದರೆ ಬ್ರಿಡ್ಜ್ 6.23, ಎರಡನೆಯ ಸ್ಥಾನ 3.04. ಸಂಖ್ಯೆ ಸರಿ ಬಂದರೂ ನುಡಿಸಿದಾಗ ಮಾಸ್ತರರು ಹೇಳಿದ ಮೂಗಿನ ಧ್ವನಿಯೇ ಬಂತು, ಗುಂಯ್ ಕೂಡ ಹಾಗೆಯೇ ಇತ್ತು. ಎರಡು ವೈರು ಅದಲುಬದಲು ಮಾಡಿದೆ. ಮರುಗಳಿಗೆಯಲ್ಲಿ ನಾದ ತುಂಬಿಕೊಂಡು, ಗುಂಯ್ ಅಡಗಿತು. ಮೊದಲೇ ಹೇಳದಿದ್ದರೆ ಆ ರಾತ್ರಿ ನಾನು ಒಳ್ಳೆಯ ಪಿಕಪ್ಪನ್ನೇ ಕೆಟ್ಟದ್ದೆಂದು ತಿರುಗಿ ಕಳಿಸುತ್ತಿದ್ದೆ.

ಎತ್ತರ ಹೊಂದಿಸುವುದು ಬಾಕಿ ಇದೆ. ಹತ್ತಿರ ತಂದಷ್ಟೂ ಸದ್ದು ಜೋರಾಗುತ್ತದೆ, ಆದರೆ ದಪ್ಪ ತಂತಿಯನ್ನು ಹನ್ನೆರಡನೆಯ ಫ್ರೆಟ್ಟಿನ ಮೇಲೆ ನುಡಿಸಿದಾಗ ಶ್ರುತಿ ನಡುಗುತ್ತದೆ. ಇನ್ನೊಂದು ಪ್ರಶ್ನೆ: ಬ್ರಿಡ್ಜ್ ಪಿಕಪ್ ಒಂದರಲ್ಲಿಯೇ ಇರುವಾಗ ತಂತಿಯನ್ನು ಮುಟ್ಟಿದರೆ ಗುಂಯ್ ಕಡಿಮೆಯಾಗುತ್ತದೆ, ಕೈ ತೆಗೆದರೆ ಹೆಚ್ಚುತ್ತದೆ. ನನ್ನ ಬೆಸುಗೆಯಲ್ಲಿ ಏನಾದರೂ ತಪ್ಪಿದೆಯೇ?


ಮಾಸ್ತರ, ಧಾರವಾಡ

ಶ್ರುತಿ ನಡುಗುವುದಕ್ಕೆ ಕಾರಣ ಅಯಸ್ಕಾಂತ ತಂತಿಯನ್ನೇ ಎಳೆಯುತ್ತಿರುವುದು. ಕೊನೆಯ ಫ್ರೆಟ್ಟಿನ ಮೇಲೆ ತಂತಿ ಒತ್ತಿಹಿಡಿದು, ತಂತಿಯ ಕೆಳಮೈಗೂ ಕಡ್ಡಿಯ ತಲೆಗೂ ನಡುವೆ ದಪ್ಪ ತಂತಿಯ ಕಡೆ 2 ಮಿಲಿಮೀಟರ್, ಸಣ್ಣ ತಂತಿಯ ಕಡೆ 1.6 ಮಿಲಿಮೀಟರ್ ಇಟ್ಟು ಆರಂಭಿಸಿ, ಅಲ್ಲಿಂದ ಸ್ಕ್ರೂವನ್ನು ಕಾಲು ಸುತ್ತಿನಷ್ಟೇ ತಿರುಗಿಸುತ್ತ ಕಿವಿಯಿಂದ ತೀರ್ಮಾನಿಸಿ. ನಮ್ಮ ಧಾರವಾಡದಲ್ಲಿ ತಂಬೂರಿಯ ಕುದುರೆಯ ಮೇಲೆ ಜವಾರಿಯ ದಾರವನ್ನು ಕೂದಲೆಳೆಯಷ್ಟು ಸರಿಸಿ, ಮೀಟಿ, ಮತ್ತೆ ಸರಿಸಿ, ನಾದ ಅರಳುವ ಜಾಗ ಹುಡುಕುವವರನ್ನು ನೀವು ನೋಡಿರುತ್ತೀರಿ. ಇಲ್ಲಿಯೂ ಅಷ್ಟೇ ತಾಳ್ಮೆ ಬೇಕು. ನೆಕ್ ಪಿಕಪ್ಪಿನ ಮೇಲೆ ತಂತಿ ಹೆಚ್ಚು ತೂಗುವುದರಿಂದ ಅದನ್ನು ಇನ್ನೂ ತುಸು ಕೆಳಗೆ ಇಡಿ.


ಬೆಸುಗೆ, ಹಾವೇರಿ

ನಿಮ್ಮ ಬೆಸುಗೆ ಸರಿಯಾಗಿಯೇ ಇದೆ. ತಂತಿ ಮುಟ್ಟಿದಾಗ ಗುಂಯ್ ಕಡಿಮೆಯಾದರೆ ಬ್ರಿಡ್ಜಿನಿಂದ ಪಾಟ್‌ನ ಬೆನ್ನಿಗೆ ಹೋಗುವ ಗ್ರೌಂಡ್ ವೈರು ಕೆಲಸ ಮಾಡುತ್ತಿದೆ ಎಂದರ್ಥ. ಮುಟ್ಟಿದಾಗ ಹೆಚ್ಚಾಗಿದ್ದರೆ ಆ ವೈರು ಕಡಿದಿದೆಯೇ ಎಂದು ನೋಡಬೇಕಿತ್ತು. ಆದರೆ ಇದೇ ಕಾರಣಕ್ಕೆ ಗಿಟಾರಿನ ತಂತಿಗಳು ಕೇಬಲ್ಲಿನ ಮೂಲಕ ಆಂಪ್ಲಿಫೈಯರಿನ ಅರ್ಥಿಂಗಿಗೆ ಸೇರಿರುತ್ತವೆ ಎಂಬುದು ನೆನಪಿರಲಿ. ಪೆಂಡಾಲಿನಲ್ಲಿ ಉದ್ದನೆಯ ಎರಡು ತಂತಿಯ ವೈರು ಎಳೆದು, ಮೂರು ಪಿನ್ನಿನ ಬೋರ್ಡಿಗೆ ಅರ್ಥ್ ಕೊಡದೆ ಬಿಟ್ಟಿರುವುದನ್ನು ನಾನು ಪ್ರತಿ ವರ್ಷ ಕಾಣುತ್ತೇನೆ. ಅಂಥಲ್ಲಿ ಕೈ ಗಿಟಾರಿನ ತಂತಿಯ ಮೇಲಿದ್ದು ತುಟಿ ಮೈಕಿಗೆ ತಾಗಿದರೆ ಶಾಕ್ ಹೊಡೆಯಬಹುದು. ಕಾರ್ಯಕ್ರಮದ ದಿನ ಒಂದು ತಾಸು ಮೊದಲೇ ಹೋಗಿ, ಆಂಪ್ಲಿಫೈಯರ್ ಮತ್ತು ಮೈಕಿನ ಮಿಕ್ಸರ್ ಎರಡೂ ಅರ್ಥ್ ಇರುವ ಒಂದೇ ಬೋರ್ಡಿನಿಂದ ಬರುವಂತೆ ನೋಡಿಕೊಂಡು, ಮೀಟರನ್ನು ಎಸಿ ವೋಲ್ಟಿಗೆ ಇಟ್ಟು ಒಂದು ಮೊನೆಯನ್ನು ಗಿಟಾರಿನ ಬ್ರಿಡ್ಜಿಗೂ ಇನ್ನೊಂದನ್ನು ಮೈಕಿನ ಜಾಳಿಗೆಗೂ ತಾಗಿಸಿ ನೋಡಿ. ಹತ್ತಾರು ವೋಲ್ಟ್ ತೋರಿಸಿದರೆ ಎಲೆಕ್ಟ್ರಿಷಿಯನ್ ಬಂದು ಅದನ್ನು ಸರಿಪಡಿಸುವವರೆಗೆ ಗಿಟಾರನ್ನು ಮುಟ್ಟಬೇಡಿ.